ನಾಣ್ಯವೋ ಪದಕವೋ: ಟ್ರಂಕಿನ ತಳದ ಬಿಲ್ಲೆಗೆ ಬೆಲೆ ಕಟ್ಟುವ ಬಗೆ

ದೀಪಾವಳಿಗೆ ಮುಂಚೆ ಅಟ್ಟ ಗುಡಿಸುವಾಗ ಹಳೆಯ ಟ್ರಂಕು ಕೆಳಗಿಳಿಯುತ್ತದೆ. ಅದರ ತಳದಲ್ಲೊಂದು ಬಟ್ಟೆಯ ಗಂಟು, ಗಂಟಿನೊಳಗೆ ಕಪ್ಪಿಟ್ಟ ನಾಲ್ಕೈದು ಬಿಲ್ಲೆ. ಸಂಜೆಯೊಳಗೆ ನನ್ನ ಮೊಬೈಲಿಗೆ ಒಂದು ಮಸುಕು ಫೋಟೊ ಬಂದು ಬೀಳುತ್ತದೆ. ಕೆಳಗೆ ಒಂದೇ ಸಾಲು: 'ಇದಕ್ಕೆ ಎಷ್ಟು ಬರುತ್ತದೆ?' ಇಪ್ಪತ್ತು ವರ್ಷಗಳಿಂದ ನಾಣ್ಯಗಳ ಹಿಂದೆ ಬಿದ್ದಿರುವ ನನಗೆ ಇದು ಹಬ್ಬದ ಜೊತೆಗೇ ಬರುವ ಮಾಮೂಲು. ಇನ್ನೊಂದು ಬಗೆಯ ಕರೆಯೂ ಉಂಟು. ಮೊಮ್ಮಗಳ ನಾಮಕರಣಕ್ಕೆ ಸರ್ಕಾರದ ಎಪ್ಪತ್ತೈದು ರೂಪಾಯಿಯ ನಾಣ್ಯ ತರಿಸಲೇ, ಆಭರಣದ ಅಂಗಡಿಯಲ್ಲಿ ಲಕ್ಷ್ಮಿಯ ಬೆಳ್ಳಿ ನಾಣ್ಯ ಕೊಳ್ಳಲೇ, ಇಲ್ಲವೆ ವಿಕ್ಟೋರಿಯಾ ರಾಣಿಯ ರೂಪಾಯಿ ಹುಡುಕಲೇ ಎಂದು ಕೇಳುವವರು ಇವರು.

ಮಾರುವವರಿಗೂ ಕೊಳ್ಳುವವರಿಗೂ ನಾನು ಮೊದಲು ಹೇಳುವುದು ಒಂದೇ. ಕೈಯಲ್ಲಿರುವುದು ನಾಣ್ಯವೋ ಪದಕವೋ ಎಂದು ತಿಳಿಯದೆ ಬೆಲೆಯ ಮಾತೆತ್ತುವುದು ಹೆಸರೇ ಗೊತ್ತಿಲ್ಲದ ಹಣ್ಣಿಗೆ ಚೌಕಾಸಿ ಮಾಡಿದ ಹಾಗೆ.

ಒಂದೇ ರಾಜ, ಎರಡು ಬಿಲ್ಲೆ

ಕಳೆದ ವರ್ಷ ಮೈಸೂರಿನ ಗೆಳೆಯನೊಬ್ಬ ಇಂಥದೇ ಗಂಟು ಹಿಡಿದು ಮನೆಗೆ ಬಂದ. ಮೇಜಿನ ಮೇಲೆ ಸುರಿದಾಗ ಎರಡು ಬಿಲ್ಲೆಗಳು ಕಣ್ಣಿಗೆ ಬಿದ್ದವು. ಎರಡೂ ಬೆಳ್ಳಿ, ಎರಡರ ಮೇಲೂ ಐದನೆಯ ಜಾರ್ಜ್ ದೊರೆ, ಎರಡೂ 1911ರ ಕಾಲದವು. ಗೆಳೆಯನ ಪಾಲಿಗೆ ಎರಡೂ 'ಹಳೆಯ ಬೆಳ್ಳಿ ನಾಣ್ಯ'.

ಚಿಕ್ಕದು ಮೂವತ್ತು ಮಿಲಿಮೀಟರ್‌ಗಿಂತ ತುಸು ಅಗಲ. ಹಿಂಬದಿಯಲ್ಲಿ ಹೂಬಳ್ಳಿಯ ನಡುವೆ 'ಒನ್ ರುಪೀ, ಇಂಡಿಯಾ, 1911' ಎಂದು ಇಂಗ್ಲಿಷಿನಲ್ಲಿ, ಜೊತೆಗೆ ಉರ್ದುವಿನಲ್ಲಿ ಒಂದು ರೂಪಾಯಿ ಎಂಬ ಬರಹ. ಅಂಚಿನ ಸುತ್ತ ಸಣ್ಣ ಗೀರುಗಳ ಸಾಲು. ದೊಡ್ಡದು ಮೂವತ್ತೆಂಟು ಮಿಲಿಮೀಟರ್ ದಾಟುತ್ತದೆ. ಅದರ ಮೇಲೆ ರಾಜನೊಬ್ಬನೇ ಇಲ್ಲ, ಪಕ್ಕದಲ್ಲಿ ಮೇರಿ ರಾಣಿಯೂ ಇದ್ದಾಳೆ. ಹಿಂಬದಿಯಲ್ಲಿ ಪಾರಸಿ ಬರಹವಿದೆ, ರೂಪಾಯಿ ಎಂಬ ಮಾತು ಎಲ್ಲಿಯೂ ಇಲ್ಲ. ತಲೆಯ ಮೇಲೆ ರಿಬ್ಬನ್ ಪೋಣಿಸಲು ಬಳೆ. ಅದು ಜಾರ್ಜ್ ದೊರೆಯ ಪಟ್ಟಾಭಿಷೇಕದ ಸಂಭ್ರಮಕ್ಕೆ 1911ರ ಡಿಸೆಂಬರ್ 12ರಂದು ನಡೆದ ದೆಹಲಿ ದರ್ಬಾರಿನ ಪದಕ. ರಾಜರಿಗೂ ಅತಿ ಹಿರಿಯ ಅಧಿಕಾರಿಗಳಿಗೂ ಚಿನ್ನದ್ದು, ಉಳಿದವರಿಗೆ ಬೆಳ್ಳಿಯದು.

ರೂಪಾಯಿಗೂ ಒಂದು ಕಥೆಯಿದೆ. ಆ ವರ್ಷದ ಅಚ್ಚಿನಲ್ಲಿ ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯಿತ್ತು. ಸೊಂಡಿಲು ಎಷ್ಟು ಮೊಂಡಾಗಿತ್ತೆಂದರೆ ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಗದ್ದಲವಾಯಿತು, ಸರ್ಕಾರ ನಾಣ್ಯವನ್ನು ಹಿಂತೆಗೆದುಕೊಂಡಿತು, 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಬಂತು. ಹಾಗಾಗಿ 1911ರ ರೂಪಾಯಿ ಅದರ ಹಿಂದುಮುಂದಿನ ವರ್ಷಗಳವುಗಳಿಗಿಂತ ಅಪರೂಪ. ಸಂಗ್ರಹಕಾರರು ಅದನ್ನು ಇಂದಿಗೂ 'ಹಂದಿ ರೂಪಾಯಿ' ಎಂದೇ ಕರೆಯುತ್ತಾರೆ.

ಗೆಳೆಯನ ಮುಖ ಅರಳಿತು. ಆದರೆ ನಾಣ್ಯವನ್ನು ಬೆಳಕಿಗೆ ಹಿಡಿದಾಗ ಮೈ ತುಂಬ ಕೂದಲೆಳೆಯ ಗೀರುಗಳು ಕಂಡವು. ನನಗೆ ತೋರಿಸುವ ಮುಂಚೆ ಅವನ ಮನೆಯವರು ಹುಣಸೆ ಹಣ್ಣು ಹಚ್ಚಿ, ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿದ್ದರು. ಕನ್ನಡಿಯಂತೆ ಹೊಳೆಯುತ್ತಿತ್ತು, ಪಾಪ. ಸಂಗ್ರಹಕಾರನ ಬೆಲೆಯ ದೊಡ್ಡ ಪಾಲು ಆ ಹುಣಸೆ ನೀರಿನೊಡನೆ ಬಚ್ಚಲಿಗೆ ಹರಿದಿತ್ತು. ಪದಕ ಮಾತ್ರ ಕಪ್ಪಾಗಿಯೇ ಉಳಿದು ಬಚಾವಾಗಿತ್ತು.

ಬೆಲೆಗೆ ಮುಂಚೆ ಕೇಳಬೇಕಾದ್ದು

ಮೊದಲ ಪ್ರಶ್ನೆ: ಮುಖಬೆಲೆ ಇದೆಯೇ? ನಮ್ಮ 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯವೆಂದರೆ ಸರ್ಕಾರ ಅಥವಾ ಸರ್ಕಾರ ಅಧಿಕಾರ ಕೊಟ್ಟವರು ಅಚ್ಚು ಹಾಕಿದ, ಕಾನೂನುಬದ್ಧವಾಗಿ ಚಲಾವಣೆಗೆ ಅರ್ಹವಾದ ಬಿಲ್ಲೆ. ಸ್ಮರಣಾರ್ಥ ನಾಣ್ಯವೂ ಅದರೊಳಗೆ ಬರುತ್ತದೆ, ಆದರೆ ಭಾರತದ ಹಣದಲ್ಲಿ ಅದರ ಮೊತ್ತ ನಮೂದಾಗಿರಬೇಕು. ಮೊತ್ತವಿಲ್ಲದಿದ್ದರೆ ಅದು ಪದಕ, ಎಷ್ಟೇ ಚೆಂದವಿರಲಿ, ಮೇಲೆ ಸಿಂಹಮುದ್ರೆಯೇ ಇರಲಿ.

ಎರಡನೆಯದು: ಅಚ್ಚು ಹಾಕಿಸಿದವರು ಯಾರು? ಇದನ್ನು ಮುಖಬೆಲೆಯ ಜೊತೆಗೇ ಕೇಳಬೇಕು. 'ಸರ್ಕಾರಿ ಟಂಕಸಾಲೆಯದು, ಹಾಗಾಗಿ ನಾಣ್ಯ' ಎಂದು ವಾದಿಸುವವರನ್ನು ಬಹಳ ನೋಡಿದ್ದೇನೆ. ಕೋಲ್ಕತ್ತದ ಅಲಿಪುರ ಟಂಕಸಾಲೆಯಲ್ಲೇ ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳ ಪದಕಗಳೂ ತಯಾರಾಗುತ್ತವೆ. ಅವನ್ನು ಯಾರೂ ನಾಣ್ಯ ಎನ್ನುವುದಿಲ್ಲ. 2015ರ ನವೆಂಬರಿನಲ್ಲಿ ಬಿಡುಗಡೆಯಾದ 'ಇಂಡಿಯನ್ ಗೋಲ್ಡ್ ಕಾಯಿನ್' ನೋಡಿ. ಒಂದು ಬದಿಗೆ ಅಶೋಕ ಚಕ್ರ, ಇನ್ನೊಂದು ಬದಿಗೆ ಗಾಂಧೀಜಿ, 24 ಕ್ಯಾರಟ್ ಚಿನ್ನ. ಹೆಸರಿನಲ್ಲೇ ನಾಣ್ಯವಿದೆ, ಮೈಮೇಲೆ ಮಾತ್ರ ಒಂದು ರೂಪಾಯಿಯ ಮುಖಬೆಲೆಯೂ ಇಲ್ಲ. ಚಿನ್ನಕ್ಕೆ ಏನೂ ಕೊರತೆಯಿಲ್ಲ, ಲೆಕ್ಕದಲ್ಲಿ ಅದು ಪದಕದ ಸಾಲಿನದು, ಅಷ್ಟೇ.

ಹಳೆಯ ಕಾಲಕ್ಕೆ ಹೋದಂತೆ ಈ ಅಳತೆಗೋಲು ಸಡಿಲವಾಗುತ್ತದೆ. ಮೈಸೂರು ಒಡೆಯರ ಕಾಲದ ಕಂಠೀರಾಯ ಹಣವೆಂಬ ಪುಟ್ಟ ನಾಣ್ಯದ ಆ ಚಿಟಿಕೆಯಷ್ಟು ಚಿನ್ನದ ಮೇಲೆ ಮೊತ್ತ ಬರೆಯಲು ಜಾಗವೆಲ್ಲಿ? ಅದರ ತೂಕವೇ ಅದರ ಬೆಲೆಯಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲಾದರೋ ಕನ್ನಡದಲ್ಲೇ 'ಮಯಿಲಿ ಕಾಸು' ಎಂದು ಸಂಖ್ಯೆಯ ಸಮೇತ ಬರೆದಿದೆ. ಓದಿದರೆ ಸಂತೋಷವಾಗುತ್ತದೆ.

ಮೂರನೆಯದು ಲೋಹ ಮತ್ತು ತೂಕ, ನಾಲ್ಕನೆಯದು ಸ್ಥಿತಿ. ಐದನೆಯದನ್ನು ಎಲ್ಲರೂ ಮರೆಯುತ್ತಾರೆ: ನಾಳೆ ಇದನ್ನು ಮಾರಲು ಹೊರಟರೆ ಕೊಳ್ಳುವವರು ಯಾರು? ಲೋಹಕ್ಕಾಗಿ ಕೊಳ್ಳುವ ಚಿನಿವಾರನೋ, ಸರಣಿ ತುಂಬಿಸಿಕೊಳ್ಳಲು ಕಾದಿರುವ ಸಂಗ್ರಹಕಾರನೋ, ದೇವರ ಮನೆಗೆ ಬೇಕೆನ್ನುವ ಭಕ್ತನೋ? ಮೂವರೂ ಒಂದೇ ಬಿಲ್ಲೆಗೆ ಮೂರು ಬೆಲೆ ಹೇಳುತ್ತಾರೆ, ಮೂವರೂ ಪ್ರಾಮಾಣಿಕರೇ ಆಗಿರಬಹುದು.

ವಿದೇಶಿ ಪುಸ್ತಕಗಳಲ್ಲಿ ಓದಿದವರು ಇನ್ನೊಂದು ಪರೀಕ್ಷೆ ಹೇಳುತ್ತಾರೆ. ಬಿಲ್ಲೆಯನ್ನು ಎಡಬಲಕ್ಕೆ ಮಗುಚಿದಾಗ ಹಿಂಬದಿಯ ಚಿತ್ರ ತಲೆಕೆಳಗಾಗಿದ್ದರೆ ನಾಣ್ಯ, ನೆಟ್ಟಗಿದ್ದರೆ ಪದಕ ಎಂದು. ಅಮೆರಿಕದ ನಾಣ್ಯಗಳಿಗೆ ಅದು ಸರಿ. ಜೇಬಿನಿಂದ ನಮ್ಮ ಒಂದು ರೂಪಾಯಿ ತೆಗೆದು ಮಗುಚಿ ನೋಡಿ, ಎರಡೂ ಬದಿ ನೆಟ್ಟಗೇ ಇರುತ್ತವೆ. ಈ ಪರೀಕ್ಷೆಯನ್ನು ಇಲ್ಲಿಗೆ ತರಬೇಡಿ.

ಲೋಟ, ನೀರು, ದಾರ

ಲೋಹದ ವಿಚಾರದಲ್ಲಿ ನಾನು ಕಣ್ಣನ್ನು ನಂಬುವುದಿಲ್ಲ. ಆಯಸ್ಕಾಂತವನ್ನೂ ಅರ್ಧವೇ ನಂಬುತ್ತೇನೆ. ಬೆಳ್ಳಿಗೆ ಅದು ಅಂಟುವುದಿಲ್ಲ ನಿಜ, ಆದರೆ ತಾಮ್ರಕ್ಕೂ ಹಿತ್ತಾಳೆಗೂ ಅಂಟುವುದಿಲ್ಲವಲ್ಲ. ಒಂದು ಕಡೆ ಮಾತ್ರ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ: ಹುಲಿಯ ಚಿತ್ರವಿರುವ 1947ರ ರೂಪಾಯಿಯನ್ನು ಬೆಳ್ಳಿಯೆಂದು ಜೋಪಾನ ಮಾಡಿದ ಮನೆಗಳು ಎಷ್ಟೋ ಇವೆ. ಅದು ನಿಕ್ಕಲ್. ಆಯಸ್ಕಾಂತಕ್ಕೆ ಟಕ್ಕನೆ ಅಂಟಿಕೊಂಡು ಒಂದೇ ಕ್ಷಣದಲ್ಲಿ ಎಲ್ಲರ ನಿರೀಕ್ಷೆಯನ್ನೂ ಮುರಿಯುತ್ತದೆ.

ಗ್ರಾಮಿನ ನೂರನೆಯ ಒಂದು ಭಾಗದವರೆಗೆ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಈಗ ಅಗ್ಗವಾಗಿ ಸಿಗುತ್ತದೆ. ಗೆಳೆಯನ ರೂಪಾಯಿಯನ್ನು ಮೊದಲು ಹಾಗೆಯೇ ತೂಗಿದೆವು: 11.58 ಗ್ರಾಂ. ಹೊಸತಿದ್ದಾಗ ಒಂದು ತೊಲ, ಅಂದರೆ 11.66 ಗ್ರಾಂ. ಸವೆತಕ್ಕೆ ಅಷ್ಟು ಕಳೆದಿರುವುದು ಸಹಜ. ಬಳಿಕ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದೆವು. ನಾಣ್ಯವನ್ನು ಹೊಲಿಗೆ ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ, ಅಂಚು ತಾಗದಂತೆ ನೀರಿನಲ್ಲಿ ತೂಗುಬಿಟ್ಟೆವು. ತಕ್ಕಡಿ 1.12 ತೋರಿಸಿತು. 11.58ನ್ನು 1.12ರಿಂದ ಭಾಗಿಸಿದರೆ 10.3ರ ಆಸುಪಾಸು. ಶೇಕಡಾ 91.7 ಬೆಳ್ಳಿಯ ರೂಪಾಯಿಗೆ ಬರಬೇಕಾದ ಸಾಂದ್ರತೆಯೇ ಅದು. ಅಷ್ಟೇ ತೂಕದ ಜರ್ಮನ್ ಸಿಲ್ವರ್ ಬಿಲ್ಲೆಯಾಗಿದ್ದರೆ 1.35ರ ಹತ್ತಿರ ತೋರಿಸುತ್ತಿತ್ತು. ಆ ಲೋಹದಲ್ಲಿ ಹೆಸರಿನ ಹೊರತು ಬೆಳ್ಳಿಯೇನೂ ಇಲ್ಲ, ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ. ಒರೆಗಲ್ಲಿಗೆ ಉಜ್ಜುವುದಕ್ಕಿಂತ ಈ ದಾರಿ ವಾಸಿ, ಬಿಲ್ಲೆಗೆ ಗೀರು ಬೀಳುವುದಿಲ್ಲ.

ಲೋಹದ ಬೆಲೆಯ ಲೆಕ್ಕ ಸುಲಭ. ಮಾತಿಗೆ ಶುದ್ಧ ಬೆಳ್ಳಿ ಗ್ರಾಮಿಗೆ ನೂರು ರೂಪಾಯಿ ಎಂದುಕೊಳ್ಳೋಣ, ಆ ದಿನದ ದರವನ್ನು ನೀವೇ ಹಾಕಿಕೊಳ್ಳಿ. 1939ರವರೆಗಿನ ಒಂದು ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ, ಅಂದರೆ 1,070 ರೂಪಾಯಿ. 1940ರಿಂದ ಯುದ್ಧಕಾಲದ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, ಅಲ್ಲಿಗೆ 583. ಗಾಂಧೀಜಿ ಜನ್ಮಶತಾಬ್ದಿಯ 1969ರ ಹತ್ತು ರೂಪಾಯಿ 15 ಗ್ರಾಂ ತೂಗುತ್ತದೆ, ಶೇಕಡಾ 80 ಬೆಳ್ಳಿ, ಅದು 1,200. ಹೊಸ ಸಂಸತ್ ಭವನದ 2023ರ ಎಪ್ಪತ್ತೈದು ರೂಪಾಯಿ ನಾಣ್ಯ 35 ಗ್ರಾಂ ಇದ್ದರೂ ಅರ್ಧವಷ್ಟೇ ಬೆಳ್ಳಿ, ಅದು 1,750. ಇದು ನೆಲಮಟ್ಟದ ಬೆಲೆ. ಇದರ ಮೇಲಕ್ಕೆ ಎಷ್ಟು ಮಹಡಿ ಏಳುತ್ತದೆ ಎನ್ನುವುದು ಬೇರೆ ಬೇರೆ ಬಗೆಯ ಬಿಲ್ಲೆಗಳಿಗೆ ಬೇರೆ ಬೇರೆ.

ಜೇಬಿಗೆ ಬರುವ ಸ್ಮರಣಾರ್ಥ ನಾಣ್ಯ

ಭಾರತದ ಮೊದಲ ಸ್ಮರಣಾರ್ಥ ನಾಣ್ಯಗಳು 1964ರಲ್ಲಿ ನೆಹರೂ ನೆನಪಿಗೆ ಬಂದವು. ಅಲ್ಲಿಂದ ಇಂದಿರಾ ಗಾಂಧಿಯವರ ದೊಡ್ಡ ಐದು ರೂಪಾಯಿ, 2006ರ ಬಸವೇಶ್ವರರ ಐದು ರೂಪಾಯಿ ಹೀಗೆ ಸಾಲುಸಾಲಾಗಿ ಬಂದಿವೆ. ಇವುಗಳಲ್ಲಿ ಬಹುಪಾಲು ಅಂಗಡಿಯ ಚಿಲ್ಲರೆಯಲ್ಲೇ ನಮ್ಮ ಕೈಗೆ ಬಂದಂಥವು. ಸವೆದದ್ದಕ್ಕೆ ಮುಖಬೆಲೆಗಿಂತ ಹೆಚ್ಚೇನೂ ಸಿಗುವುದಿಲ್ಲ, ಟಂಕಸಾಲೆಯಿಂದ ಈಗಷ್ಟೇ ಬಂದಂತಿದ್ದರೆ ಸ್ವಲ್ಪ ಹೆಚ್ಚು.

ವೈಷ್ಣೋದೇವಿಯ ಐದು, ಹತ್ತು ರೂಪಾಯಿ ನಾಣ್ಯಗಳಿಗೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ಸುದ್ದಿ ಮಾತ್ರ ನಿಲ್ಲುವುದೇ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮಲ್ಲಿ ಕಡಿಮೆಯೇ? ಜಾಹೀರಾತಿನಲ್ಲಿ ಹತ್ತು ಲಕ್ಷ ಎಂದು ಬರೆದುಕೊಳ್ಳಲು ಯಾರಿಗೂ ಖರ್ಚಿಲ್ಲ. ಕೇಳಿದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಹರಾಜಿನಲ್ಲಿ ನಿಜಕ್ಕೂ ಹೋದ ಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಇನ್ನೊಂದು ಮಾತು: ನಿಮ್ಮ ನಾಣ್ಯ ಕೊಳ್ಳುತ್ತೇವೆ, ಮೊದಲು ತೆರಿಗೆಯೋ ಕಮಿಷನ್ನೋ ಕಳಿಸಿ ಎನ್ನುವವರು ಕೊಳ್ಳುವವರಲ್ಲ, ಕಳ್ಳರು. ತನ್ನ ಹೆಸರು, ಲಾಂಛನ ಬಳಸಿ ಹೀಗೆ ಹಣ ಕೀಳುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು.

ಆದರೂ ಹತ್ತು ವರ್ಷದ ಮಗುವಿಗೆ ಸಂಗ್ರಹದ ರುಚಿ ಹತ್ತಿಸಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಖರ್ಚು ಎಂದರೆ ಮುಖಬೆಲೆ, ಕಳೆದರೂ ಅಳುವಂತಿಲ್ಲ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ಹೇಳಿಕೊಡಿ. ಒಂದು ರಜೆ ಪೂರ್ತಿ ಕಳೆಯುತ್ತದೆ.

ಟಂಕಸಾಲೆಯ ಡಬ್ಬಿಯಲ್ಲಿ ಬರುವ ನಾಣ್ಯ

ಎಪ್ಪತ್ತೈದು, ನೂರು, ನೂರೈವತ್ತು, ಸಾವಿರ ರೂಪಾಯಿ ಮುಖಬೆಲೆಯ ನಾಣ್ಯಗಳು ಚಲಾವಣೆಗೆ ಬರುವುದಿಲ್ಲ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದಾಗ ಬಂದ ಸಾವಿರ ರೂಪಾಯಿ ನಾಣ್ಯ ಇದೇ ಜಾತಿಯದು. ಸರ್ಕಾರಿ ಟಂಕಸಾಲೆಗೆ ಮುಂಗಡ ಹಣ ಕಟ್ಟಿ ತರಿಸಿಕೊಳ್ಳಬೇಕು. ಕಾನೂನಿನ ಕಣ್ಣಿನಲ್ಲಿ ಇವು ನಾಣ್ಯಗಳೇ. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದದ್ದನ್ನು ಎಪ್ಪತ್ತೈದು ರೂಪಾಯಿಯ ತರಕಾರಿಗೆ ಕೊಡುವ ಮಹಾನುಭಾವ ಯಾರಿದ್ದಾನೆ? ಹೆಸರಿಗೆ ನಾಣ್ಯ, ನಡವಳಿಕೆಯಲ್ಲಿ ಪದಕ.

ಇದರ ಪರವಾಗಿ ಹೇಳಬಹುದಾದ್ದು ಬಹಳ. ಅಸಲಿತನದ ಚಿಂತೆ ಕಡಿಮೆ, ಲೋಹ ಎಷ್ಟೆಂದು ಅಧಿಕೃತವಾಗಿ ಗೊತ್ತಿರುತ್ತದೆ, ಪ್ರೂಫ್ ಎಂಬ ವಿಶೇಷ ಅಚ್ಚಿನ ಕನ್ನಡಿಯಂಥ ನೆಲದ (ಚಿತ್ರದ ಸುತ್ತಲಿನ ಬಯಲಿನ) ಮೇಲೆ ಚಿತ್ರ ಮಂಜು ಹಿಡಿದಂತೆ ಎದ್ದು ಕಾಣುತ್ತದೆ. ನಾಮಕರಣಕ್ಕೆ, ನಿವೃತ್ತಿಗೆ, ಕೊಡುಗೆಗೆ ಲಕ್ಷಣವಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಶತಮಾನೋತ್ಸವದ ನಾಣ್ಯವನ್ನು ಅಲ್ಲಿ ಓದಿದವರಿಗೆ ಕೊಟ್ಟು ನೋಡಿ, ಬೆಲೆ ಕೇಳುವುದೇ ಇಲ್ಲ.

ವಿರುದ್ಧವಾಗಿ ಹೇಳಬೇಕಾದ್ದು ಒಂದೇ, ಆದರೆ ಅದು ಭಾರದ್ದು. ಟಂಕಸಾಲೆ ಕೇಳುವ ಬೆಲೆಗೂ ಒಳಗಿನ ಬೆಳ್ಳಿಯ ಬೆಲೆಗೂ ದೊಡ್ಡ ಅಂತರವಿರುತ್ತದೆ. ಆ ಅಂತರವನ್ನು ಮರುಮಾರಾಟದಲ್ಲಿ ವಾಪಸು ಪಡೆಯಬೇಕಾದರೆ ನಿಮ್ಮ ವಿಷಯವನ್ನೇ ಹುಡುಕುವ ಸಂಗ್ರಹಕಾರ ಸಿಗಬೇಕು. ಡಬ್ಬಿ, ಪ್ರಮಾಣಪತ್ರ ಕಳೆದುಹೋದರೆ ಅವನೂ ಮೂಗು ಮುರಿಯುತ್ತಾನೆ. ಬೆಳ್ಳಿಯಲ್ಲಿ ಹಣ ಕೂಡಿಡುವುದೇ ಉದ್ದೇಶವಾದರೆ ಇದನ್ನು ಕೊಳ್ಳಬೇಡಿ. 2023ರ ಎಪ್ಪತ್ತೈದು ರೂಪಾಯಿಯಂತೆ ಅರ್ಧ ತಾಮ್ರ, ನಿಕ್ಕಲ್, ಸತುವು ಇರುವ ಬಿಲ್ಲೆಯನ್ನು ಬೆಳ್ಳಿಯ ಹೂಡಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಳೆಯ ಬೆಳ್ಳಿ ರೂಪಾಯಿ

ನನ್ನ ಮಟ್ಟಿಗೆ ಮಧ್ಯಮ ವರ್ಗದ ಜೇಬಿಗೆ ಹದವಾಗಿ ಹೊಂದುವುದು ಇದು. ಬ್ರಿಟಿಷ್ ಇಂಡಿಯಾದ ರೂಪಾಯಿಗಳು 1835ರಿಂದ ಕೋಟಿಗಟ್ಟಲೆ ಅಚ್ಚಾದವು. ಸಾಧಾರಣ ವರ್ಷದ ವಿಕ್ಟೋರಿಯಾ ಅಥವಾ ಜಾರ್ಜ್ ರೂಪಾಯಿ ಬೆಳ್ಳಿಯ ಬೆಲೆಗಿಂತ ತುಸುವೇ ಹೆಚ್ಚಿಗೆ ಸಿಗುತ್ತದೆ. ಕೆಳಕ್ಕೆ ಬಿದ್ದರೆ ಬೆಳ್ಳಿ ಹಿಡಿದುಕೊಳ್ಳುತ್ತದೆ, ಮೇಲಕ್ಕೆ ಹೋದರೆ ಇತಿಹಾಸ ಜೊತೆಗಿದೆ.

ಅಡ್ಡಿ ಒಂದೇ: ಹಬ್ಬದ ಕಾಲಕ್ಕೆ ಪೂಜೆಗೆಂದು ಅದೇ ವಿಕ್ಟೋರಿಯಾ, ಅದೇ ಜಾರ್ಜ್ ಮುಖದ ಹೊಸ ಬಿಲ್ಲೆಗಳು ಮಾರುಕಟ್ಟೆಗೆ ಬರುತ್ತವೆ. ಎರಕ ಹೊಯ್ದ ನಕಲಿನಲ್ಲಿ ಅಂಚಿನ ಉದ್ದಕ್ಕೂ ಅರದಿಂದ ತಿಕ್ಕಿದ ಗೆರೆ ಕಾಣುತ್ತದೆ, ನೆಲದಲ್ಲಿ ಸಣ್ಣ ಗುಳ್ಳೆಗಳು. ಅಸಲಿ ನಾಣ್ಯ ಸವೆಯುವುದು ಎತ್ತರದ ಜಾಗದಲ್ಲಿ, ಅಂದರೆ ರಾಜನ ಕಿವಿ, ಗಡ್ಡ, ಕಿರೀಟದ ತುದಿ. ತಗ್ಗಿನಲ್ಲಿರುವ ಅಕ್ಷರದ ಬುಡ ಚೂಪಾಗಿಯೇ ಉಳಿಯುತ್ತದೆ. ನಕಲು ಎಲ್ಲ ಕಡೆಯೂ ಒಂದೇ ಸಮ ಮೊಂಡು, ಸಾಬೂನಿನ ಬಿಲ್ಲೆಯಂತೆ.

ಕಾಸಿನ ಸರದಿಂದ ಬಿಚ್ಚಿದ ನಾಣ್ಯಗಳ ಅಂಚಿನಲ್ಲಿ ಕೊಕ್ಕೆ ಬೆಸೆದ ಗುರುತಿರುತ್ತದೆ. ಸಂಗ್ರಹಕಾರನಿಗೆ ಅದು ಊನ. ಮನೆಯಲ್ಲಿ ಸರವೇ ಇಡಿಯಾಗಿ ಇದ್ದರೆ ಬಿಚ್ಚಲು ಹೋಗಬೇಡಿ, ಸರವಾಗಿಯೇ ಅದಕ್ಕೆ ಬೆಲೆ.

ಪದಕ: ಹೆಸರು ಗೊತ್ತಿದ್ದರೆ ಬೆಲೆ

ಪದಕಗಳ ಮಾರುಕಟ್ಟೆ ಚಿಕ್ಕದು. ನಾಣ್ಯಕ್ಕೆ ಇಸವಿ, ಟಂಕಸಾಲೆ ಎಂದು ಸರಣಿಯಿದೆ, ನೂರು ಜನ ಒಂದೇ ಖಾಲಿ ಜಾಗ ತುಂಬಲು ಹುಡುಕುತ್ತಿರುತ್ತಾರೆ. ಪದಕಕ್ಕೆ ಅಂಥ ಓಟವಿಲ್ಲ. ಹಾಗಾಗಿ ಕೆಲವೇ ನೂರು ಅಚ್ಚಾದ ಪದಕವೊಂದು ಲಕ್ಷಗಟ್ಟಲೆ ಅಚ್ಚಾದ ನಾಣ್ಯಕ್ಕಿಂತ ಅಗ್ಗವಾಗಿರಬಹುದು. ಅಪರೂಪವಾದ ಮಾತ್ರಕ್ಕೆ ದುಬಾರಿಯಾಗುವುದಿಲ್ಲ ಎಂಬ ಪಾಠವನ್ನು ನನಗೆ ಕಲಿಸಿದ್ದು ಪದಕಗಳೇ, ಒಂದಿಷ್ಟು ಹಣ ಕಸಿದುಕೊಂಡು.

ಪದಕಕ್ಕೆ ಬೆಲೆ ತರುವುದು ಘಟನೆ ಮತ್ತು ಪಡೆದವನ ಕಥೆ. ನಮ್ಮ ನೆಲಕ್ಕೆ ಸಂಬಂಧಪಟ್ಟ ದೊಡ್ಡ ಉದಾಹರಣೆ ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ಹಂಚಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿ ಮ್ಯಾಥ್ಯೂ ಬೌಲ್ಟನ್‌ನ ಸೋಹೊ ಟಂಕಸಾಲೆಯಲ್ಲಿ ಮಾಡಿಸಿದ್ದು. ಒಂದು ಬದಿಯಲ್ಲಿ ಬ್ರಿಟಿಷ್ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿದ ಚಿತ್ರ, ಇನ್ನೊಂದು ಬದಿಯಲ್ಲಿ ಕೋಟೆಗೆ ಲಗ್ಗೆ. ಹಿರಿಯ ಸೇನಾನಿಗಳಿಗೆ ಚಿನ್ನ, ಕೆಳಗಿಳಿದಂತೆ ಗಿಲೀಟು ಮಾಡಿದ ಬೆಳ್ಳಿ, ಬೆಳ್ಳಿ, ಕಂಚು, ಕೊನೆಗೆ ಸಾಮಾನ್ಯ ಸಿಪಾಯಿಗೆ ತವರ. ಒಂದೇ ಚಿತ್ರ, ಐದು ಲೋಹ, ಐದು ಅಂತಸ್ತು. ಗೆದ್ದವರು ಬರೆಸಿದ ಬಿಲ್ಲೆಯದು, ನೋಡುವಾಗ ಕನ್ನಡಿಗನಿಗೆ ಕಸಿವಿಸಿಯಾಗುವುದು ಸಹಜ. ಬೇಡಿಕೆ ಮಾತ್ರ ಕುಂದಿಲ್ಲ. ಬೇಡಿಕೆ ಇದ್ದಲ್ಲಿ ನಕಲೂ ಇರುತ್ತದೆ, ಹಾಗಾಗಿ ತಜ್ಞರ ಕಣ್ಣಿಗೆ ಬೀಳದೆ, ಎಲ್ಲಿಂದ ಬಂತೆಂಬ ಕಾಗದವಿಲ್ಲದೆ ಇಂಥದ್ದಕ್ಕೆ ಕೈ ಹಾಕಬಾರದು.

ದರ್ಬಾರಿನ ಪದಕದ ಲೆಕ್ಕ ಬೇರೆ. ಬೆಳ್ಳಿಯಲ್ಲೇ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಅಚ್ಚಾಗಿವೆ, ಪಡೆದವರ ಹೆಸರನ್ನು ಕೊರೆದಿರಲಿಲ್ಲ. ಹೆಸರಿಲ್ಲದ ಪದಕ ಯಾರದಾದರೂ ಆಗಬಹುದು. ಅದರ ಜೊತೆ ಅಜ್ಜನ ನೇಮಕದ ಪತ್ರವೋ, ಸಮವಸ್ತ್ರದ ಫೋಟೊವೋ, ಮಾಸಿದ ರಿಬ್ಬನ್ನೋ ಇದ್ದರೆ ಕೊಳ್ಳುವವನ ಧಾಟಿಯೇ ಬದಲಾಗುತ್ತದೆ. ಅಟ್ಟ ಗುಡಿಸುವಾಗ ಕಸವೆಂದು ಮೊದಲು ಎಸೆಯುವುದೂ ಅದೇ ಕಾಗದಗಳನ್ನು!

ದೇವರ ಟಂಕ, ಅಂಗಡಿಯ ಬಿಲ್ಲೆ

ಶ್ರೀರಾಮ ಪಟ್ಟಾಭಿಷೇಕದ ರಾಮಟಂಕಗಳು ಪೂಜೆಗೆಂದೇ ಹುಟ್ಟಿದವು. ಬಟ್ಟಲಿನಂತೆ ತುಸು ಬಾಗಿರುವ ಬೆಳ್ಳಿಯ ಟಂಕಗಳಲ್ಲಿ ಕೆಲಸ ಕೆಲವೊಮ್ಮೆ ಬಹಳ ಸೊಗಸು. ಮೇಲಿನ ಇಸವಿಯನ್ನು ನಂಬಬೇಡಿ. ನೂರಾರು ವರ್ಷ ಹಿಂದಿನ ಸಂವತ್ಸರ ಹಾಕಿ ಬಹಳ ಈಚೆಗೆ ಮಾಡುವುದು ಇವುಗಳಲ್ಲಿ ರೂಢಿ, ಮೋಸವೆನ್ನುವುದಕ್ಕಿಂತ ಸಂಪ್ರದಾಯವೆನ್ನಬೇಕು. ಬೆಳ್ಳಿಯ ಬೆಲೆಗೆ ಕೆಲಸದ ಚೆಂದ ಸೇರಿಸಿ ಕೊಳ್ಳಿ.

ಮೋಸವೆಂದರೆ ಇನ್ನೊಂದು. ಒಂದು ಬದಿಗೆ ರಾಮ ಸೀತೆ ಲಕ್ಷ್ಮಣ ಹನುಮ, ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ 'ಈಸ್ಟ್ ಇಂಡಿಯಾ ಕಂಪನಿ, ಹಾಫ್ ಅಣಾ, 1818'. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಜಾತ್ರೆಯೊಂದರಲ್ಲಿ ಇದಕ್ಕೆ ಮುನ್ನೂರು ರೂಪಾಯಿ ಕೊಟ್ಟು ತಂದು, ಒಂದು ವಾರ ದಿಂಬಿನ ಕೆಳಗಿಟ್ಟು ಮಲಗಿದ್ದೇನೆ. ಅಂಥ ನಾಣ್ಯವನ್ನು ಕಂಪನಿ ಹೊರಡಿಸಲೇ ಇಲ್ಲ. ಕಂಪನಿ ದೇವರನ್ನು ಅಚ್ಚು ಹಾಕುತ್ತಿರಲಿಲ್ಲ ಎಂದು ಕೆಲವರು ವಾದಿಸುತ್ತಾರೆ, ಅದೂ ತಪ್ಪು. ಮದರಾಸಿನಲ್ಲಿ ಕಂಪನಿಯ ಚಿನ್ನದ ವರಹಗಳ ಮೇಲೆ ವಿಷ್ಣುವಿದ್ದ. ಹೈದರಾಲಿಯ ವರಹದ ಮೇಲೆ ಶಿವ ಪಾರ್ವತಿಯರಿದ್ದರು. ದೇವರಿದ್ದರೆ ನಕಲಿ ಎನ್ನುವಂತಿಲ್ಲ, ಆ ಚಿತ್ರ, ಆ ಮೊತ್ತ, ಆ ಇಸವಿ ಒಟ್ಟಿಗಿದ್ದರೆ ನಕಲಿ. ತಾಮ್ರದ ಆ ಬಿಲ್ಲೆ ಇನ್ನೂ ನನ್ನ ಹತ್ತಿರವಿದೆ, ಹೊಸಬರಿಗೆ ತೋರಿಸಲು ಬರುತ್ತದೆ.

ಆಭರಣದಂಗಡಿಯ ಲಕ್ಷ್ಮಿ, ಗಣೇಶನ ಬಿಲ್ಲೆಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಇವು ಲೋಹ. 999 ಎಂಬ ಶುದ್ಧತೆಯ ಗುರುತು, ತೂಕ, ರಸೀದಿ ಮೂರೂ ಇರಲಿ. ಅದೇ ಅಂಗಡಿ ಯಾವ ದರಕ್ಕೆ ವಾಪಸು ತೆಗೆದುಕೊಳ್ಳುತ್ತದೆ ಎಂದು ಕೊಳ್ಳುವ ಮುಂಚೆಯೇ ಕೇಳಿ. ಹತ್ತು ಗ್ರಾಮಿನ ಹತ್ತು ಬಿಲ್ಲೆಗಳಿಗಿಂತ ನೂರು ಗ್ರಾಮಿನ ಒಂದು ಗಟ್ಟಿಗೆ ಮಜೂರಿ ಕಡಿಮೆ ಬೀಳುತ್ತದೆ. ಕೂಡಿಡುವವರಿಗೆ ಇದೇ ಸರಿ, ಚೆಂದ ನೋಡುವವರಿಗೆ ಅಲ್ಲ.

ಮಾರುವ ಮುಂಚೆ, ದಾಟಿಸುವ ಮುಂಚೆ

ತೊಳೆಯಬೇಡಿ, ತಿಕ್ಕಬೇಡಿ, ಪುಡಿ ಹಚ್ಚಬೇಡಿ. ಅಂಚನ್ನು ಮಾತ್ರ ಹಿಡಿದು, ಎರಡೂ ಬದಿ ಮತ್ತು ಅಂಚಿನ ಫೋಟೊ ತೆಗೆದು, ತೂಕ ಬರೆದು, ಕನಿಷ್ಠ ಮೂರು ಜನರಿಗೆ ತೋರಿಸಿ. ಅಂಗಡಿಯವನು ಮಾರುವ ಬೆಲೆಯನ್ನೇ ನಿಮಗೆ ಕೊಡಲಾರ, ಅವನಿಗೂ ಬಾಡಿಗೆಯಿದೆ. ಹರಾಜಿನಲ್ಲಿ ಬೆಲೆ ಹೆಚ್ಚು ಬರಬಹುದು, ಆದರೆ ಕಮಿಷನ್ ಕಳೆದು, ತಿಂಗಳುಗಟ್ಟಲೆ ಕಾದು.

ಹೊರದೇಶದಲ್ಲಿರುವ ಕನ್ನಡಿಗರಿಗೆ ಇದನ್ನು ಒತ್ತಿ ಹೇಳಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತುವೇ. ಸರ್ಕಾರದ ಅನುಮತಿಯಿಲ್ಲದೆ ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ, ಅಜ್ಜನದೇ ಆಗಿರಲಿ, ಒಂದೇ ಆಗಿರಲಿ. ಮನೆ ಕಟ್ಟಲು ಪಾಯ ಅಗೆಯುವಾಗ ಸಿಕ್ಕ ನಾಣ್ಯಗಳ ಕಥೆ ಇನ್ನೂ ಬೇರೆ. ಅದು ನಿಧಿ, ಅಧಿಕಾರಿಗಳಿಗೆ ತಿಳಿಸಲೇಬೇಕು.

ಗೆಳೆಯನ ತಮ್ಮ ಅಮೆರಿಕದಲ್ಲಿದ್ದಾನೆ, ಪದಕ ತನಗೆ ಬೇಕೆಂದು ಹಟ ಹಿಡಿದಿದ್ದ. ಕಾಯ್ದೆಯ ಮಾತು ಕೇಳಿದ ಮೇಲೆ ಸುಮ್ಮನಾದ. ಉಜ್ಜಿ ಹೊಳಪೇರಿದ ರೂಪಾಯಿಯನ್ನು ಗೆಳೆಯ ಮೂರು ಕಡೆ ತೋರಿಸಿದ. ಇಬ್ಬರು ಬೆಳ್ಳಿಯ ಬೆಲೆ ಹೇಳಿದರು, ಮೂರನೆಯವನು ಅದಕ್ಕಿಂತ ಸಾಕಷ್ಟು ಹೆಚ್ಚು ಹೇಳಿದ, ಗೀರು ಬಿದ್ದರೂ ಹಂದಿ ಹಂದಿಯೇ ಎನ್ನುತ್ತ. ಮಾರಿದ ಹಣಕ್ಕೆ ಸ್ವಲ್ಪ ಸೇರಿಸಿ ಮೊಮ್ಮಗಳಿಗೆಂದು ವಿಕ್ಟೋರಿಯಾ ರಾಣಿಯ ಒಂದು ಸಾಧಾರಣ ರೂಪಾಯಿಯನ್ನೂ ನೂರು ಗ್ರಾಂ ಬೆಳ್ಳಿ ಗಟ್ಟಿಯನ್ನೂ ಕೊಂಡ. ಪದಕ ಅದೇ ಬಟ್ಟೆಯ ಗಂಟಿಗೆ ಹಿಂತಿರುಗಿತು. ಈ ಸಲ ಜೊತೆಗೊಂದು ಕಾಗದವಿದೆ: ಅಜ್ಜ ಯಾವ ಕೆಲಸದಲ್ಲಿದ್ದರು, ದೆಹಲಿಗೆ ಯಾರ ಜೊತೆ ಹೋಗಿದ್ದರು, ಎಂಬತ್ತಾರರ ದೊಡ್ಡಮ್ಮ ನೆನಪಿಸಿಕೊಂಡಷ್ಟು. ಕೆಳಗೆ ಅವರ ಸಹಿ, ಸ್ವಲ್ಪ ನಡುಗಿದ ಕೈಯಲ್ಲಿ.